ಬ್ಯಾಟರಿ ಹಾಕಿ ತೋರಿಸಿದರೆ ದುಡ್ಡು ಕೊಡಬೇಡಿ

ಮೈಸೂರು, ಮಂಡ್ಯ ಕಡೆ ಯಾರಾದರೂ ಸೆಕೆಂಡ್ ಹ್ಯಾಂಡ್ ಸಿಂಥ್ (ಸೌಂಡನ್ನು ತಾನೇ ಹುಟ್ಟಿಸುವ ಸಿಂಥಸೈಜರ್) ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಓದಿಬಿಡಿ. ಬರೆಯೋಕೇ ನಾಚಿಕೆ ಆಗುತ್ತಿದೆ. ಹದಿನೆಂಟು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ನಮ್ಮ ಕಡೆ ಹುಡುಗರು ಕೀಬೋರ್ಡ್ ತಗೊಳ್ಳೋ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ. ಅಂಥ ನಾನೇ ಮೈಸೂರಿಗೆ ಹೋಗಿ, 26 ಸಾವಿರ ಕೊಟ್ಟು, ತಲೆಗೆ ಟೋಪಿ ಹಾಕಿಸಿಕೊಂಡು ಬಂದೆ.

ನನಗೆ ಬೇಕಿದ್ದದ್ದು ಒಂದೇ ಒಂದು. 80ರ ದಶಕದ ಹಾಡುಗಳಲ್ಲಿ ಹಿಂದೆ ದಪ್ಪಗೆ ಕೇಳಿಸುವ ಆ ಸ್ಟ್ರಿಂಗ್ಸ್. ನನ್ನ ಮಾಮೂಲಿ ಕೀಬೋರ್ಡಿನಲ್ಲಿ ಅದು ನೀರು ಮಜ್ಜಿಗೆ ಥರ ಬರುತ್ತೆ. ರೋಲ್ಯಾಂಡ್ ಕಂಪನಿಯ ಜೂನೋ ಸಿಂಥಿನಲ್ಲಿ ಹಾಗಲ್ಲ. ಕೋರಸ್ ಬಟನ್ ಒತ್ತಿದರೆ ಸಾಕು, ಒಂದೇ ಸ್ವರ ಪೆಂಡಾಲ್ ತುಂಬಾ ಹರಡಿಕೊಳ್ಳುತ್ತೆ. ಜೂನೋ-60 ಬಂದಿದ್ದು 1982ರಲ್ಲಿ, ಜೂನೋ-106 ಬಂದಿದ್ದು 1984ರಲ್ಲಿ. ಅವು ನಿಜವಾದ ಅನಲಾಗ್, ಅಂದರೆ ಸರ್ಕ್ಯೂಟಿನ ಕರೆಂಟಿನಿಂದಲೇ ಸೌಂಡ್ ಹುಟ್ಟೋದು. ಈಗ ನಮ್ಮಂಥವರ ಕೈಗೆ ಎಟುಕೋದಿಲ್ಲ. 2019ರಲ್ಲಿ ಅದೇ ಕಂಪನಿ ಜೆಯು-06ಎ ಅಂತ ಒಂದು ಪುಟ್ಟ ಪೆಟ್ಟಿಗೆ ಬಿಟ್ಟಿತು. ಹೆಚ್ಚುಕಮ್ಮಿ ಒಂದು ಅಡಿ ಉದ್ದ. ಒಂದು ಸ್ವಿಚ್ ಈ ಕಡೆ ಇಟ್ಟರೆ 60ರ ಸೌಂಡ್, ಆ ಕಡೆ ಇಟ್ಟರೆ 106ರದ್ದು. ಒಳಗಿರೋದು ಪೂರ್ತಿ ಡಿಜಿಟಲ್. ಹಳೇ ಸರ್ಕ್ಯೂಟ್ ಹೇಗೆ ವರ್ತಿಸುತ್ತಿತ್ತೋ ಅದನ್ನೇ ಚಿಪ್ಪಿನಲ್ಲಿ ಲೆಕ್ಕ ಹಾಕಿ ಸೌಂಡ್ ಮಾಡುತ್ತೆ. ಇದೆಲ್ಲ ಈಗ ಬಾಯಿಪಾಠ ಆಗಿದೆ. ಅವತ್ತು ಗೊತ್ತಿರಲಿಲ್ಲ.

ಜಾಹೀರಾತಿನಲ್ಲಿ "ವಿಂಟೇಜ್ ಅನಲಾಗ್ ಸಿಂಥ್, ಸಿಂಗಲ್ ಓನರ್, ಹೊಸದರ ಥರ ಇದೆ" ಅಂತಿತ್ತು. ಫೋಟೋದಲ್ಲಿ ಆ ಪೆಟ್ಟಿಗೆ 25 ಕೀಗಳ ಪುಟ್ಟ ಕೀಬೋರ್ಡಿನೊಳಗೆ ಚೆಂದಾಗಿ ಕೂತಿತ್ತು. ಫೋನ್ ಮಾಡಿದೆ. ಹುಡುಗ ಬಹಳ ವಿನಯ. ಮಾತಿಗೊಂದು ಅಣ್ಣ. "ಹಳೇ 106 ಮಾತ್ರ ತಗೋಬೇಡಿ ಅಣ್ಣ, ಅದರಲ್ಲಿ ವಾಯ್ಸ್ ಚಿಪ್ಪು ಒಂದೊಂದಾಗಿ ಹೋಗ್ತವೆ. ಇದು ಹೊಸ ಅನಲಾಗು, ಆ ತಲೆನೋವೇ ಇಲ್ಲ" ಅಂದ. 106ರಲ್ಲಿ ಒಂದೊಂದು ಸ್ವರ ಹೊರಡಿಸೋ ಆ ಚಿಪ್ಪು ಹೋಗೋದು ನಿಜ, ಅದನ್ನು ನಾನೂ ಕೇಳಿದ್ದೆ. ಒಂದು ನಿಜ ಹೇಳಿದನಲ್ಲ, ಮಿಕ್ಕಿದ್ದೂ ನಿಜ ಅಂದುಕೊಂಡೆ.

ಭಾನುವಾರ ಬೆಳಗಿನ ರೈಲಿಗೆ ಮಂಡ್ಯದಿಂದ ಹೊರಟೆ. ಅವನು ಮನೆಗೆ ಕರೆಯಲಿಲ್ಲ. "ಮನೇಲಿ ನೆಂಟರಿದ್ದಾರೆ ಅಣ್ಣ" ಅಂತ ಸರಸ್ವತಿಪುರಂನಲ್ಲಿ ಒಂದು ಟೀ ಅಂಗಡಿ ಹತ್ತಿರ ಬರೋಕೆ ಹೇಳಿದ. ಬ್ಯಾಗಿಂದ ತೆಗೆದು ಕಲ್ಲುಬೆಂಚಿನ ಮೇಲೆ ಇಟ್ಟ. ನಾಲ್ಕು ಪೆನ್ಸಿಲ್ ಸೆಲ್ ಹಾಕಿ ಆನ್ ಮಾಡಿದ. "ಒಳಗೇ ಸ್ಪೀಕರ್ ಇದೆ ನೋಡಿ ಅಣ್ಣ, ಕರೆಂಟೂ ಬೇಡ, ವೈರೂ ಬೇಡ." ನುಡಿಸಿದೆ. ಬೆರಳುಗುರಿನಷ್ಟು ಸ್ಪೀಕರು, ಪಕ್ಕದಲ್ಲಿ ಸ್ಕೂಟರುಗಳ ಗಲಾಟೆ, ಆದರೂ ಆ ಸ್ಟ್ರಿಂಗ್ಸ್ ಕೇಳಿಸಿತು. ಮೈ ಜುಮ್ ಅಂತು. ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು.

ಆಮೇಲೆ ಅವನು ಆಡಿದ ಆಟ ನೋಡಿ. "ಕೀಬೋರ್ಡು ಇದರ ಜೊತೆ ಬರಲ್ಲ ಅಣ್ಣ, ಅದು ಬೇರೆ" ಅಂದ. "ಫೋಟೋದಲ್ಲಿ ಇತ್ತಲ್ಲಪ್ಪ" ಅಂತ ಜೋರು ಮಾಡಿದೆ. ಹತ್ತು ನಿಮಿಷ ಚೌಕಾಸಿ ನಡೆಯಿತು. ಕೊನೆಗೆ ಮುಖ ಸಣ್ಣ ಮಾಡಿಕೊಂಡು ಕೀಬೋರ್ಡಿನ ಬದಲು ರೇಟಲ್ಲಿ 2 ಸಾವಿರ ಬಿಟ್ಟ. ನಾನು ಗೆದ್ದೆ ಅಂದುಕೊಂಡೆ! ಆ ಖುಷಿಯಲ್ಲೇ ಫೋನ್‌ಪೇ ಮಾಡಿದೆ. ಟೀ ದುಡ್ಡೂ ನಾನೇ ಕೊಟ್ಟೆ. ಯುಎಸ್‌ಬಿ ಕೇಬಲ್ ಹಾಕಿ ತೋರಿಸಪ್ಪ ಅಂತ ಒಂದು ಮಾತು ಕೇಳಲಿಲ್ಲ. ನನ್ನ ಜೇಬಿನಲ್ಲೇ ಪವರ್ ಬ್ಯಾಂಕ್ ಇತ್ತು. ಜೇಬಿನಲ್ಲೇ ಇತ್ತು!

ರಾತ್ರಿ ಮನೆಯಲ್ಲಿ ಪೆಟ್ಟಿಗೆಯನ್ನು ನನ್ನ ಕೀಬೋರ್ಡಿನಿಂದ ನುಡಿಸೋಕೆ ಮಿಡಿ ಕೇಬಲ್ ಹಾಕಿ, ಇದನ್ನು ಆಂಪ್ಲಿಫೈಯರಿಗೆ ಕೊಟ್ಟು ಕೂತೆ. ಎಡಗೈಯಲ್ಲಿ ಎರಡು ಸ್ವರ, ಬಲಗೈಯಲ್ಲಿ ಮೂರು. ಹಿಡಿದಿದ್ದರಲ್ಲಿ ಒಂದು ಸ್ವರ ಕಟ್ ಆಯ್ತು. ಮತ್ತೆ ಹಿಡಿದೆ, ಮತ್ತೆ ಕಟ್. ಹುಡುಕಿ ನೋಡಿದರೆ ಇದು ನಾಲ್ಕೇ ವಾಯ್ಸು, ಅಂದರೆ ಒಟ್ಟಿಗೆ ನಾಲ್ಕೇ ಸ್ವರ. ಹಳೇ 60, 106 ಎರಡರಲ್ಲೂ ಆರಾರು. ಅನಲಾಗ್ ಅಲ್ಲ ಅನ್ನೋದೂ ಆಗಲೇ ಗೊತ್ತಾಗಿದ್ದು. ಇದು ಯಂತ್ರದ ತಪ್ಪಲ್ಲ, ಸೌಂಡ್ ಬಗ್ಗೆ ನನಗೆ ಇವತ್ತಿಗೂ ತಕರಾರಿಲ್ಲ. ಓದದೇ ಹೋಗಿದ್ದು ನನ್ನ ತಪ್ಪು. ಆದರೆ ಅವನು ಫೋನಿನಲ್ಲಿ "ಆರು ವಾಯ್ಸ್ ಅಣ್ಣ" ಅಂತ ಬಾಯಿ ಬಿಟ್ಟು ಹೇಳಿದ್ದ.

ಅಷ್ಟೊತ್ತಿಗೆ ಸೆಲ್ ಮುಗಿಯಿತು. ಸರಿ, ಯುಎಸ್‌ಬಿ ಹಾಕಿದೆ. ಲೈಟೇ ಇಲ್ಲ. ಕೇಬಲ್ ಬದಲಾಯಿಸಿದೆ, ಇಲ್ಲ. ಮಗಳ ಹಳೇ ಫೋನಿನ ಚಾರ್ಜರ್ ತಂದೆ, ಇಲ್ಲ. ಕೇಬಲ್ ತುದಿಯನ್ನು ಹೆಬ್ಬೆರಳಲ್ಲಿ ಮೇಲಕ್ಕೆ ಒತ್ತಿ ಹಿಡಿದರೆ ಲೈಟ್ ಬರುತ್ತೆ. ಬಿಟ್ಟರೆ ಹೋಗುತ್ತೆ. ಒತ್ತಿದರೆ ಬರುತ್ತೆ, ಬಿಟ್ಟರೆ ಹೋಗುತ್ತೆ. ಹಾಗೇ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಟೀ ಅಂಗಡಿ, ನೆಂಟರು, ಕರೆಂಟೂ ಬೇಡ ವೈರೂ ಬೇಡ ಅಂದಿದ್ದು, ಎಲ್ಲಾ ಆಗ ಒಂದೊಂದಾಗಿ ತಲೆಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿ ಇತ್ತು.

ಮಾರನೇ ದಿನ ಅವನಿಗೆ ವಿಡಿಯೋ ಕಳಿಸಿದೆ. ಬಂದ ಉತ್ತರಗಳು ಹೀಗಿವೆ. ಮೊದಲು "ಕೇಬಲ್ ಪ್ರಾಬ್ಲಂ ಇರಬೇಕು ಅಣ್ಣ". ಮೂರು ಕೇಬಲ್ ಹಾಕಿ ನೋಡಿದೆ ಅಂದೆ. "ನಾನು ಕೊಡುವಾಗ ಸರಿ ಇತ್ತಲ್ಲ, ನೀವೇ ನುಡಿಸಿ ನೋಡಿದ್ರಿ". ಬ್ಯಾಟರಿಯಲ್ಲಿ ನೋಡಿದ್ದು ಕಣಪ್ಪ ಅಂದೆ. ಅದಕ್ಕೆ ಒಂದು ಥಂಬ್ಸ್ ಅಪ್. ಔಟ್‌ಪುಟ್ ಜ್ಯಾಕಿನಲ್ಲಿ ಕರಕರ ಅನ್ನುತ್ತೆ ಅಂತಲೂ ಬರೆದಿದ್ದೆ. "ವಿಂಟೇಜ್ ಅಂದ್ರೆ ಹಾಗೇ ಅಣ್ಣ, ಅದೇ ಅದರ ಚೆಂದ" ಅಂದ. 2019ರ ನಂತರ ತಯಾರಾದ ಮಷೀನಿಗೆ ಇದೆಂಥ ವಿಂಟೇಜ್? ಕೊನೆಗೆ ಒಂದು ವಾಯ್ಸ್ ಮೆಸೇಜ್ ಬಂತು. ನಗುತ್ತಾ ಹೇಳಿದ್ದಾನೆ: "ನೀವು ಇಷ್ಟು ಸೀನಿಯರ್ ಆರ್ಟಿಸ್ಟು, ನೋಡಿ ತಗೊಂಡಿದ್ದೀರಾ. ನಿಮಗೆ ನಾನು ಹೇಳಿಕೊಡಬೇಕಾ ಅಣ್ಣ?"

26 ಸಾವಿರ ಹೋಗಿದ್ದಕ್ಕಿಂತ ಈ ಮಾತು ಜಾಸ್ತಿ ಉರಿಯುತ್ತಿದೆ. ನಾಲ್ಕು ಸಲ ಕೇಳಿದ್ದೇನೆ ಆ ಮೆಸೇಜನ್ನ. ಆಮೇಲೆ ಬ್ಲಾಕ್ ಮಾಡಿದ.

ಮಂಡ್ಯದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಬಿಚ್ಚಿಸಿದೆ. ಲೆನ್ಸ್ ಇಟ್ಟು ನೋಡಿ, "ಸಾರ್, ಇದನ್ನ ಆಗಲೇ ಯಾರೋ ಸೋಲ್ಡರ್ ಮಾಡಿದ್ದಾರೆ" ಅಂದ. ನನಗೂ ತೋರಿಸಿದ. ಪೋರ್ಟಿನ ಸುತ್ತ ಮೂಗಿನ ಸಿಂಬಳದ ಥರ ಅಂಟು. ಕೆಳಗೆ ಟ್ರ್ಯಾಕ್, ಅಂದರೆ ಬೋರ್ಡಿನ ತಾಮ್ರದ ಗೆರೆ, ಕಿತ್ತು ಬಂದಿದೆ. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಸೆಲ್ ಹಾಕಿಕೊಂಡು ಬಂದಿದ್ದ. ಸಣ್ಣ ವೈರ್ ಎಳೆದು ಕೂರಿಸಲು ನೋಡುತ್ತೇನೆ, ಗ್ಯಾರಂಟಿ ಇಲ್ಲ ಅಂದಿದ್ದಾನೆ. ಪೊಲೀಸ್ ಸ್ಟೇಷನ್ ಅಂತ ಕೆಲವರು ಹೇಳಿದರು. ಬಿಲ್ ಎಲ್ಲಿ ಅಂತ ಕೇಳಿದರೆ ನಾನೇನು ತೋರಿಸಲಿ, ಟೀ ಅಂಗಡಿಯನ್ನಾ?

ಹೋಗುವಾಗ ಕೇಬಲ್, ಪವರ್ ಬ್ಯಾಂಕ್ ಒಯ್ಯಿರಿ, ಮತ್ತು ಅದನ್ನು ಜೇಬಿನಿಂದ ಹೊರಗೆ ತೆಗೆಯಿರಿ. ಹೆಡ್‌ಫೋನ್ ಹಾಕಿ ಕೇಳಿ. ಐದು ಸ್ವರ ಒಟ್ಟಿಗೆ ಹಿಡಿಯಿರಿ. ಮನೆಗೆ ಕರೆಯದವನ ಹತ್ತಿರ ಏನನ್ನೂ ತಗೋಬೇಡಿ, ಅಣ್ಣ ಅಂದರೆ ಇನ್ನೂ ಬೇಡ.

ಸುಮ್ನೆ ಇದ್ದುಬಿಡೋಣ ಅಂತಿದ್ದೆ. ಮೊನ್ನೆ ಶ್ರೀರಂಗಪಟ್ಟಣದ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣಾ, ಮೈಸೂರಲ್ಲಿ ಒಂದು ಪುಟ್ಟ ಕೀಬೋರ್ಡ್ ಮಾರಾಟಕ್ಕಿದೆ, ತಗೊಳ್ಳಲಾ?" ಅಂತ ಫೋಟೋ ಕಳಿಸಿದ. ಅದೇ ಹಳೇ ಫೋಟೋ, ಅದೇ 25 ಕೀ. ಅದರೊಳಗೆ ಕೂತಿರೋದು ನನ್ನ ಮಷೀನು. ಎಡಮೂಲೆಯಲ್ಲಿ ಒಂದು ಗೀರು ಇದೆ, ಅದರಿಂದ ಗುರುತು ಹಿಡಿದೆ. ಮೇಲೆ ಈಗಲೂ ವಿಂಟೇಜ್ ಅನಲಾಗ್ ಅಂತಲೇ ಬರೆದಿದೆ.