ಟ್ಯಾಂಕರು, ಪುಡಿ, ಯಂತ್ರ ಅಥವಾ ಹಾರೆ: ಹಳೆಮನೆಯ ಶೌಚಾಲಯದ ಲೈನಿಗೆ ಯಾವುದು?

ಮಳೆ ಹಿಡಿದ ಕೂಡಲೇ ಶೌಚಾಲಯದ ನೀರು ಇಳಿಯದೆ ಮೇಲಕ್ಕೆ ಬರುವ ಹಳೆಯ ಮನೆ ನಿಮ್ಮದಾದರೆ, ಅಂಗಳ ಅಗೆದು ಪೈಪು ಬದಲಿಸಿ ಎಂದೇ ಹೇಳುತ್ತೇನೆ. ಟ್ಯಾಂಕರು, ಪುಡಿ, ಸ್ಪ್ರಿಂಗ್ ಯಂತ್ರ ಎಲ್ಲಕ್ಕೂ ದುಡ್ಡು ಸುರಿದ ಮೇಲೆ ಬಂದ ಅಭಿಪ್ರಾಯವಿದು.

ನಮ್ಮದು ಕಾಸರಗೋಡಿನ ನೀರ್ಚಾಲು ಕಡೆಯ, ಮುರಕಲ್ಲಿನ (ಜಂಬಿಟ್ಟಿಗೆಯ) ಹಂಚಿನ ಮನೆ. ನಮ್ಮಲ್ಲಿ ಊರಿಗೆಲ್ಲ ಒಂದು ಒಳಚರಂಡಿ ಎಂಬುದಿಲ್ಲ. ಅವರವರ ಸೆಪ್ಟಿಕ್ ಟ್ಯಾಂಕು, ಅವರವರ ಇಂಗುಗುಂಡಿ. ಶೌಚಾಲಯವಿರುವ ಬಚ್ಚಲಿನ ಗೋಡೆಯಿಂದ ಟ್ಯಾಂಕಿಗೆ ನಲವತ್ತು ಅಡಿ. ಅಪ್ಪ ಹಾಕಿಸಿದ್ದು ಕಂದು ಮೆರುಗಿನ, ಸುಟ್ಟ ಮಣ್ಣಿನ ಸ್ಟೋನ್‌ವೇರ್ ಪೈಪು, ಎರಡೆರಡು ಅಡಿಯ ತುಂಡುಗಳು. ಹತ್ತಿರ ಹತ್ತಿರ ಇಪ್ಪತ್ತು ಕಡೆ ಸೆಣಬು ತುರುಕಿ ಸಿಮೆಂಟು ಮೆತ್ತಿದ ಕೂಡು. ಪಕ್ಕದಲ್ಲೇ ಬರಿಕ್ಕೆ ಹಲಸಿನ ಮರ. ಬೇಸಿಗೆಯಲ್ಲಿ ಪಸೆ ಹುಡುಕಿಕೊಂಡು ಹೋಗುವ ಬೇರಿಗೆ ಬಿರುಕು ಬಿಟ್ಟ ಕೂಡು ಒಂದು ಸಿಕ್ಕಿದರೆ ಸಾಕು. ಮರ ಕಡಿಸುವ ಮಾತನ್ನು ಅಮ್ಮನ ಎದುರು ಎತ್ತುವಂತಿಲ್ಲ, ಹಾಗಾಗಿ ಅದು ಈ ಹೋಲಿಕೆಯಲ್ಲಿ ಬರುವುದಿಲ್ಲ.

ನೀರು ನಿಂತಿತು ಎಂದರೆ ಎಲ್ಲರೂ ಮೊದಲು ಕರೆಯುವುದು ಸೆಪ್ಟಿಕ್ ಟ್ಯಾಂಕು ಹೀರುವ ಟ್ಯಾಂಕರನ್ನು. ಕರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಟ್ಯಾಂಕಿನ ಮುಚ್ಚಳ ಸರಿಸಿ, ಗಾಳಿಯಾಡಲು ಬಿಟ್ಟು, ಬಗ್ಗದೆ ದೂರದಿಂದಲೇ ಟಾರ್ಚು ಹಾಕಿ ನೋಡಿ; ಬೀಡಿ, ಬೆಂಕಿ ಹತ್ತಿರ ಬೇಡ. ಒಳಗಿನ ನೀರು ಪೈಪು ಬಂದು ಸೇರುವ ಬಾಯಿಗಿಂತ ಕೆಳಗಿದ್ದೂ ಬಚ್ಚಲಿನಲ್ಲಿ ನೀರು ನಿಂತಿದ್ದರೆ, ತಡೆ ಇರುವುದು ಲೈನಿನಲ್ಲಿ. ಆಗ ಟ್ಯಾಂಕು ಬರಿದು ಮಾಡಿಸಿ ಪ್ರಯೋಜನವಿಲ್ಲ. ಇನ್ನು ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ನೆಲದ ನೀರೇ ಮೇಲೆ ಬಂದಿರುತ್ತದೆ. ಮುರಕಲ್ಲಿನ ಹಳೆಯ ಟ್ಯಾಂಕಿನ ಗೋಡೆಯಿಂದ ಒಸರಿ, ಕೊಟ್ಟ ಸಾವಿರಗಳ ಲೆಕ್ಕ ಬರೆಯುವುದರೊಳಗೆ ಮತ್ತೆ ತುಂಬುತ್ತದೆ. ಟ್ಯಾಂಕಿಗೆ ಇಳಿದು ನೋಡುತ್ತೇನೆ ಎಂದು ಯಾರಾದರೂ ಹೊರಟರೆ ಬಿಡಬೇಡಿ. ಸುರಕ್ಷಾ ಸಾಧನವಿಲ್ಲದೆ ಆಳನ್ನು ಟ್ಯಾಂಕಿಗೆ ಇಳಿಸಿ ಶುಚಿ ಮಾಡಿಸುವುದನ್ನು ನಿಷೇಧಿಸಿದ 2013ರ ಕಾಯಿದೆಯ ಮಾತು ಹಾಗಿರಲಿ, ಒಳಗಿನ ಅನಿಲಕ್ಕೆ ಜೀವ ಹೋಗುತ್ತದೆ.

ಪುಡಿಯ ವಿಷಯ ಚಿಕ್ಕದು. ಕಾಸ್ಟಿಕ್ ಸೋಡಾ ಅಡುಗೆಮನೆಯ ಜಿಡ್ಡನ್ನು ಕರಗಿಸುತ್ತದೆ, ಬೇರನ್ನಲ್ಲ. ಆಸಿಡ್ ಹಾಕಿದರೆ ಕೂಡಿನ ಸಿಮೆಂಟೇ ಸವೆದು ಬೇರಿಗೆ ದಾರಿ ಅಗಲವಾಗುತ್ತದೆ. ಆಸಿಡ್‌ ಜೊತೆಗೆ ಬ್ಲೀಚಿಂಗ್ ಪುಡಿ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ನಮ್ಮ ಕಡೆಯ ವಿಶೇಷ ಸಲಹೆ ಎಂದರೆ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ತಂದದ್ದು ಪ್ರತಿ ಮನೆಯಲ್ಲೂ ಉಳಿದಿರುತ್ತದೆ, "ಒಂದು ಮುಷ್ಟಿ ಹಾಕಿ ಭಾವ, ಬೇರು ಸುಟ್ಟುಹೋಗುತ್ತದೆ" ಎನ್ನುವವರೂ ಇರುತ್ತಾರೆ. ಬೇರು ಸಾಯುವುದು ನಿಜವೇ. ಆದರೆ ಟ್ಯಾಂಕಿನಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳಿಗೂ ತಾಮ್ರ ವಿಷ, ಮುರಕಲ್ಲಿನ ನೆಲವೋ ತೂತುತೂತು, ಕುಡಿಯುವ ನೀರಿನ ಬಾವಿ ಅಂಗಳದಲ್ಲೇ. ನಾನು ಹಾಕಲಿಲ್ಲ.

ಯಂತ್ರಕ್ಕೆ ಮಾತ್ರ ಮರ್ಯಾದೆ ಕೊಡಬೇಕು. ಮೋಟಾರಿಗೆ ಸಿಕ್ಕಿಸಿದ ಉಕ್ಕಿನ ಸ್ಪ್ರಿಂಗು, ತುದಿಯಲ್ಲಿ ಕತ್ತರಿಸುವ ಹಲ್ಲು. ತಿರುಗಿಸುತ್ತ ಒಳಗೆ ಬಿಟ್ಟು ಎಳೆದಾಗ ಮೊಳದುದ್ದದ ಬೇರಿನ ಜಡೆ ಬಂತು: ಕೂದಲಿನಷ್ಟು ಸಣ್ಣ ಕಂದು ಎಳೆಗಳು, ನಡುನಡುವೆ ಸಿಕ್ಕಿಕೊಂಡ ಬಟ್ಟೆಯ ಚೂರು, ಸೋಪಿನ ಬಿಳಿ ಗಸಿ. ನೀರು ಗುಳುಗುಳು ಎಂದು ಇಳಿಯಿತು. ಒಂದು ಬೆಳಗ್ಗಿನ ಕೆಲಸ, ಅಗೆಯುವುದಿಲ್ಲ, ಗಲೀಜೂ ಕಡಿಮೆ. ಆದರೆ ಕತ್ತರಿಸಿದ ಬೇರು ಚಿಗುರುತ್ತದೆ, ಬಿರುಕು ಅಲ್ಲೇ ಇರುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಯಂತ್ರದವರಿಗೆ ಮತ್ತೆ ಫೋನು.

ಕ್ಯಾಮೆರಾ ಬಿಟ್ಟು ನೋಡುವ ಸೌಲಭ್ಯವೂ ಇದೆ. ಬೇರು ಕೈಯಲ್ಲೇ ಬಂದ ಮೇಲೆ ಚಿತ್ರಕ್ಕೆ ಹಣ ಕೊಡಲು ನನಗೆ ಮನಸ್ಸಾಗಲಿಲ್ಲ.

ಇನ್ನು ಪೈಪು ಬದಲಿಸುವುದು. 110 ಮಿ.ಮೀ. ಪಿವಿಸಿ, ಗೋಡೆಯ ಹೊರಗೊಂದು, ತಿರುವಿನಲ್ಲೊಂದು, ಮುಚ್ಚಳ ತೆರೆದು ನೋಡುವ ಚೇಂಬರು. ಅಂಗಡಿಯಲ್ಲಿ 'ಟೈಪ್ ಬಿ' ಎಂದು ಕೇಳಿ ತೆಗೆದುಕೊಳ್ಳಿ. ತೆಳುವಾದ 'ಟೈಪ್ ಎ' ಮಳೆನೀರಿಗೆ, ಗಾಳಿಕೊಳವೆಗೆ ಇರುವಂಥದ್ದು. ಇಳಿಜಾರು ನಲವತ್ತಕ್ಕೆ ಒಂದು, ಅಂದರೆ ನಮ್ಮ ನಲವತ್ತು ಅಡಿಗೆ ಒಂದಡಿ. ಇಷ್ಟೆಲ್ಲ ಸುಲಭವಾಗಿಯೇ ನಡೆಯಿತು.

ತಲೆ ತಿಂದದ್ದು ಒಂದೇ ಒಂದು ಜಾಗ: ಹಳೆಯ ಪೈಪು ಹೊಸದಕ್ಕೆ ಸೇರುವಲ್ಲಿ. ಬಚ್ಚಲಿನ ನೆಲ ಅಪ್ಪನ ಕಾಲದ ಕೆಂಪು ಆಕ್ಸೈಡಿನದು, ಇವತ್ತಿಗೂ ಮುಖ ಕಾಣುತ್ತದೆ. ಅದನ್ನು ಒಡೆಯಲು ನಾನು ಒಪ್ಪಲಿಲ್ಲ. ಹಾಗಾಗಿ ನೆಲದಡಿಯ ನಾಲ್ಕಡಿ ಹಳೆಯದನ್ನೇ ಉಳಿಸಿ ಗೋಡೆಯ ಹೊರಗೆ ಪಿವಿಸಿ ಜೋಡಿಸಬೇಕಾಯಿತು. ಸ್ಟೋನ್‌ವೇರಿನ ದಪ್ಪವೇ ಸುಮಾರು ಅರ್ಧ ಇಂಚು; ಹೊರ ಅಳತೆ ಪಿವಿಸಿಗಿಂತ ದೊಡ್ಡದು. ಒಂದು ಇನ್ನೊಂದರೊಳಗೆ ಕೂರುವುದಿಲ್ಲ, ಮೇಲೆಯೂ ಕೂರುವುದಿಲ್ಲ.

ಮೇಸ್ತ್ರಿಯ ಪರಿಹಾರ ಸರಳವಾಗಿತ್ತು. "ಸುತ್ತ ಸಿಮೆಂಟು ತುಂಬಿದರೆ ಆಯಿತು ಅಣ್ಣ, ಅದು ಎಲ್ಲಿಗೂ ಹೋಗುವುದಿಲ್ಲ." ಹೋಗುತ್ತದೆ. ನುಣುಪಾದ ಪ್ಲಾಸ್ಟಿಕ್ಕನ್ನು ಸಿಮೆಂಟು ಕಚ್ಚಿ ಹಿಡಿಯುವುದಿಲ್ಲ, ಒಣಗುತ್ತ ಕುಗ್ಗಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಹಲಸಿನ ಬೇರಿಗೆ ಅಷ್ಟು ಸಾಕು. ಇಪ್ಪತ್ತು ಕೂಡು ತೆಗೆಸಿ ಇಪ್ಪತ್ತೊಂದನೆಯದನ್ನು ನಾನೇ ಕಟ್ಟಿಸಿದಂತಾಗುತ್ತಿತ್ತು.

ಬೇಕಾದದ್ದು ಎರಡು ಬದಿಗೆ ಎರಡು ಅಳತೆಯಿರುವ ರಬ್ಬರ್ ತೋಳು, ಸ್ಟೀಲಿನ ಕ್ಲ್ಯಾಂಪಿನಿಂದ ಬಿಗಿಯುವಂಥದ್ದು. ಬದಿಯಡ್ಕದಲ್ಲಿ ಕೇಳಿದೆ, ಕಾಸರಗೋಡು ಪೇಟೆಯಲ್ಲಿ ಕೇಳಿದೆ. ತೋರಿಸಿದ್ದೆಲ್ಲ ಪಿವಿಸಿಯಿಂದ ಪಿವಿಸಿಗೆ ಜೋಡಿಸುವ ಸಾಮಾನು. ಒಂದು ಅಂಗಡಿಯಾತ ಲಾರಿಯ ಟ್ಯೂಬು ಕತ್ತರಿಸಿ ಸುತ್ತಲು ಹೇಳಿದ. ಕೊನೆಗೆ ಸಿಕ್ಕಿದ್ದು ಮಂಗಳೂರಿನಲ್ಲಿ. ಅಲ್ಲಿಯವರೆಗೆ ಗುಂಡಿ ಬಾಯಿ ತೆರೆದೇ ಇತ್ತು, ಮನೆಮಂದಿಯೆಲ್ಲ ಅಣ್ಣನ ಮನೆಯ ಶೌಚಾಲಯಕ್ಕೆ. ಅತ್ತಿಗೆ ಏನೂ ಅನ್ನಲಿಲ್ಲ, ಮುಖ ಮಾತ್ರ ಅನ್ನುತ್ತಿತ್ತು. ಆದ್ದರಿಂದ ಹಾರೆ ಮುಟ್ಟುವ ಮೊದಲೇ ಗೋಡೆಯ ಬದಿಯಲ್ಲಿ ಒಂದಡಿ ಬಿಡಿಸಿ, ಹಳೆಯ ಪೈಪಿನ ಹೊರಸುತ್ತನ್ನು ನೂಲಿನಿಂದ ಅಳೆದು, ಸಾಮಾನು ಕೈಗೆ ಬಂದ ಮೇಲೆಯೇ ಆಳು ಕರೆಯಿರಿ.

ಖರ್ಚಿನಲ್ಲಿ ಪೈಪಿಗಿಂತ ಕೂಲಿಯದೇ ದೊಡ್ಡ ಪಾಲು. ಯಂತ್ರದವರನ್ನು ಹಲವು ವರ್ಷ ಕರೆಸಬಹುದಾದಷ್ಟು ಹಣ ಒಂದೇ ಸಲ ಹೋಯಿತು. ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು, ಇದೇ ಮನೆಯಲ್ಲಿ ಮುದುಕನಾಗುವ ಉದ್ದೇಶವೂ ಇದೆ, ಹಾಗಾಗಿ ನನಗೆ ಸರಿಹೋಯಿತು. ಬಾಡಿಗೆಗೆ ಇರುವವರು, ಮುಂದಿನ ವರ್ಷ ಮನೆ ಕೆಡವಿ ಕಟ್ಟುವವರು ಯಂತ್ರವನ್ನೇ ಕರೆಯಲಿ.

ಅಗೆಸುವುದಾದರೆ ಅಂಗಳದಿಂದ ಅಡಿಕೆ ಎದ್ದ ಮೇಲೆ ಶುರುಮಾಡಿ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಮಣ್ಣು ಮುಚ್ಚಿಸಿ. ಮುಚ್ಚುವ ಮೊದಲು ಲೈನಿಗೆ ನೀರು ತುಂಬಿಸಿ ಪ್ರತಿ ಕೂಡಿನ ಅಡಿಗೂ ಒಣ ಕೈ ಹಾಕಿ ನೋಡಿ.