ಹಳೇಪೇಟೆಯ ಭಾನುವಾರದ ರಿಪೇರಿ ಮೇಜು ಮತ್ತು ನನ್ನ ಬಿಬಿಸಿ ಮೈಕ್ರೋ

ದಾವಣಗೆರೆಯ ಹಳೇಪೇಟೆಯ ಓಣಿಯೊಂದರಲ್ಲಿ ಹಳೆಯದೊಂದು ರೇಡಿಯೋ-ಟಿ.ವಿ. ರಿಪೇರಿ ಅಂಗಡಿಯಿದೆ. ವಾರದ ಆರು ದಿನ ಅಲ್ಲಿ ಮಿಕ್ಸರ್, ಆಂಪ್ಲಿಫೈಯರ್, ಟಿ.ವಿ.ಗಳ ಕೆಲಸ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಮಾತ್ರ ಅಂಗಡಿಯ ಶಟರ್ ಅರ್ಧ ಎತ್ತಿರುತ್ತದೆ. ಬಗ್ಗಿ ಒಳಹೊಕ್ಕರೆ ಉದ್ದನೆಯ ಮೇಜಿನ ಸುತ್ತ ನಾಲ್ಕೈದು ಮಂದಿ 1980ರ ದಶಕದ ಮನೆ ಕಂಪ್ಯೂಟರುಗಳನ್ನು ಬಿಚ್ಚಿಕೊಂಡು ಕುಳಿತಿರುತ್ತಾರೆ. ಇದಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಸದಸ್ಯತ್ವವಿಲ್ಲ. ಅಂಗಡಿಯ ಯಜಮಾನರು, ಹತ್ತಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು, ಎಂಜಿನಿಯರಿಂಗ್ ಓದುತ್ತಿರುವ ಇಬ್ಬರು ಹುಡುಗರು ಮತ್ತು ಒಬ್ಬ ಬಟ್ಟೆ ವ್ಯಾಪಾರಿ, ಇಷ್ಟೇ ಜನ ಸೇರಿ ತಮಗೆ ಗೊತ್ತಿರುವುದನ್ನು ಬಂದವರಿಗೆ ಹೇಳಿಕೊಡುತ್ತಾರೆ. ಅಲ್ಲಿಗೆ ನಾನು ಹನ್ನೊಂದು ವಾರ ಹೋಗಿಬಂದೆ. ಹಳೆಯ ಯಂತ್ರವೊಂದನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವ ಯಾರಿಗಾದರೂ ಉಪಯೋಗವಾಗಬಹುದೆಂದು ಆ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಬಳಿಯಿರುವುದು ಬಿಬಿಸಿ ಮೈಕ್ರೋ, ಮಾಡೆಲ್ ಬಿ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಈ ಯಂತ್ರದಲ್ಲಿ 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್ ಮತ್ತು 32 ಕಿಲೋಬೈಟ್ ಮೆಮೊರಿ ಇವೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯ ಮಾಡಿಸಲೆಂದು ಆರಂಭಿಸಿದ ಕ್ಲಾಸ್ ಯೋಜನೆಗೆ ಆರಿಸಿದ್ದು ಇದನ್ನೇ. ಮುಂದೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ನಮ್ಮ ಸರ್ಕಾರಿ ಕಂಪನಿ ಇದನ್ನು ಯೂನಿಕಾರ್ನ್ ಎಂಬ ಹೆಸರಿನಲ್ಲಿ ಭಾರತದಲ್ಲಿಯೂ ತಯಾರಿಸಿತು. ನಾನು ಗಣಿತ ಕಲಿಸುತ್ತಿದ್ದ ಪ್ರೌಢಶಾಲೆಗೂ ಅಂಥ ಯಂತ್ರಗಳು ಬಂದಿದ್ದವು. ಎಷ್ಟೋ ವರ್ಷಗಳ ನಂತರ ಅವುಗಳನ್ನು ಮುರುಕು ಬೆಂಚುಗಳ ಜೊತೆ ಹರಾಜಿಗೆ ಹಾಕಿದಾಗ ಒಂದನ್ನು ಗುಜರಿಯ ಬೆಲೆಗೆ ಕೊಂಡು ಮನೆಗೆ ತಂದೆ. ಜೊತೆಗೆ ಮಕ್ಕಳು ಬರೆದ ಪ್ರೋಗ್ರಾಮುಗಳಿದ್ದ ಮೂರು ಕ್ಯಾಸೆಟ್ಟುಗಳೂ ಇದ್ದವು. ನಿಜ ಹೇಳಬೇಕೆಂದರೆ ನನಗೆ ಯಂತ್ರಕ್ಕಿಂತ ಆ ಕ್ಯಾಸೆಟ್ಟುಗಳೇ ಮುಖ್ಯವಾಗಿದ್ದವು.

ಈ ಮೇಜಿನ ಸುದ್ದಿ ತಿಳಿಯುವ ಮೊದಲು ನಾನು ಒಂದು ತಪ್ಪು ಮಾಡಿದ್ದೆ. ಊರಿನ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಯಂತ್ರವನ್ನು ಒಯ್ದೆ. ಅಲ್ಲಿಯವರು ಮುಚ್ಚಳವನ್ನೂ ತೆಗೆಯದೆ ನೇರವಾಗಿ ಪ್ಲಗ್ ಚುಚ್ಚಿ ಸ್ವಿಚ್ ಹಾಕಿದರು. ಹತ್ತು ನಿಮಿಷದೊಳಗೆ ಎಡಬದಿಯಿಂದ ದಟ್ಟವಾದ ಹೊಗೆ ಎದ್ದು, ಸುಟ್ಟ ಕಾಗದದ ಮತ್ತು ರಾಳದ ಕಟು ವಾಸನೆ ಅಂಗಡಿಯನ್ನೆಲ್ಲ ತುಂಬಿತು. ಬೋರ್ಡು ಸುಟ್ಟುಹೋಗಿದೆ, ಇದನ್ನು ಗುಜರಿಗೆ ಹಾಕಿ ಎಂದು ಹೇಳಿ, ಪರೀಕ್ಷೆ ಮಾಡಿದ್ದಕ್ಕೆ ಮುನ್ನೂರು ರೂಪಾಯಿ ತೆಗೆದುಕೊಂಡರು.

ಹಳೇಪೇಟೆಯ ಮೇಜಿನ ಮೇಲೆ ಯಂತ್ರವನ್ನು ಇಟ್ಟಾಗ ಗಿರಣಿಯ ಹಿರಿಯರು ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರೇ, ಇದಕ್ಕೆ ಕರೆಂಟ್ ಕೊಟ್ಟಿಲ್ಲ ತಾನೇ?" ಎಂಬುದು. ನಡೆದದ್ದನ್ನು ಹೇಳಿದೆ. ಅವರು ಬೇಸರಪಡಲಿಲ್ಲ; ಹೊಗೆ ಎಡಬದಿಯಿಂದ ಬಂತೇ, ವಾಸನೆ ಹೇಗಿತ್ತು ಎಂದು ವಿಚಾರಿಸಿ, ಬೋರ್ಡಿಗೆ ಏನೂ ಆಗಿರಲಿಕ್ಕಿಲ್ಲ ಎಂದರು. ಪವರ್ ಸಪ್ಲೈ ಡಬ್ಬಿಯನ್ನು ಬಿಚ್ಚಿ ತೋರಿಸಿದಾಗ ಕಾರಣ ಕಣ್ಣೆದುರೇ ಇತ್ತು. 230 ವೋಲ್ಟಿನ ಎರಡು ತಂತಿಗಳ ನಡುವೆ, ವಿದ್ಯುತ್ತಿನ ಗದ್ದಲ (ತಂತಿಯಲ್ಲಿ ಹರಿಯುವ ಅಡಚಣೆ) ತಡೆಯುವುದಕ್ಕೆಂದು, ಲೋಹ ಲೇಪಿಸಿದ ಕಾಗದದ ಕೆಪಾಸಿಟರುಗಳನ್ನು ಹಾಕಿರುತ್ತಾರೆ. ಅವುಗಳ ಪಾರದರ್ಶಕ ರಾಳದ ಹೊರಕವಚ ಕಾಲಕ್ರಮೇಣ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಬಿರುಕಿನಿಂದ ಗಾಳಿಯ ತೇವ ಒಳಸೇರಿ ಕಾಗದ ಉಬ್ಬುತ್ತದೆ, ಅಂಥ ಸ್ಥಿತಿಯಲ್ಲಿ ಕರೆಂಟ್ ಕೊಟ್ಟರೆ ಅದು ಕೆಲವೇ ನಿಮಿಷಗಳಲ್ಲಿ ಸುಟ್ಟು ಹೊಗೆಯುಗುಳುತ್ತದೆ. ನನ್ನ ಯಂತ್ರದಲ್ಲಿ ಎರಡು ಕೆಪಾಸಿಟರುಗಳಲ್ಲಿ ಒಂದು ಸಿಡಿದಿತ್ತು. ಇನ್ನೊಂದರ ಮೈಮೇಲೆ ಒಣಗಿದ ಕೆರೆಯಂಗಳದಂತೆ ಬಿರುಕುಗಳಿದ್ದವು. ಎರಡನ್ನೂ ತೆಗೆದು ಅದೇ ಎಕ್ಸ್2 ಎಂಬ ಸುರಕ್ಷತಾ ವರ್ಗದ, ಆದರೆ ಕಾಗದದ್ದಲ್ಲದೆ ಪ್ಲಾಸ್ಟಿಕ್ ಪದರದ, ಹೊಸ ಕೆಪಾಸಿಟರುಗಳನ್ನು ಹಾಕಿದರು. ಮೇನ್ಸ್ ತಂತಿಗಳ ನಡುವೆ ಕೂರುವ ಈ ಜಾಗಕ್ಕೆ ಸಾಮಾನ್ಯ ಕೆಪಾಸಿಟರ್ ಹಾಕಿದರೆ ಬೆಂಕಿ ಹತ್ತುವ ಅಪಾಯವಿದೆ ಎಂಬುದನ್ನು ಅಂಗಡಿಯ ಯಜಮಾನರು ಎರಡು ಸಲ ಒತ್ತಿ ಹೇಳಿದರು. ನಾನೂ ಇಲ್ಲಿ ಒತ್ತಿಯೇ ಹೇಳುತ್ತೇನೆ.

ಅದರ ನಂತರವೂ ಅವರು ನೇರವಾಗಿ ಸ್ವಿಚ್ ಹಾಕಲಿಲ್ಲ. ನಮ್ಮೂರ ಎಲೆಕ್ಟ್ರಿಷಿಯನ್ನರೆಲ್ಲರಿಗೂ ಗೊತ್ತಿರುವ ಸೀರೀಸ್ ಬಲ್ಬಿನ ಹಲಗೆಯನ್ನು ಹಿರಿಯರು ಕಪಾಟಿನಿಂದ ಇಳಿಸಿದರು. ಯಂತ್ರಕ್ಕೆ ಹೋಗುವ ಕರೆಂಟು ಮೊದಲು ಒಂದು ನೂರು ವಾಟಿನ ಬಲ್ಬನ್ನು ಹಾಯ್ದು ಹೋಗುವಂತೆ ಅದರಲ್ಲಿ ಏರ್ಪಾಡಿದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ನಿಲ್ಲುತ್ತದೆ, ಇಲ್ಲದಿದ್ದರೆ ಒಮ್ಮೆ ಮಿಂಚಿ ಮಂದವಾಗುತ್ತದೆ. ಪವರ್ ಸಪ್ಲೈಯನ್ನು ಬೋರ್ಡಿಗೆ ಜೋಡಿಸದೆ, ಅದರ ಬದಲು ಒಂದು ದಪ್ಪ ರೆಸಿಸ್ಟರಿಗೆ ಕಟ್ಟಿ, ಹಿರಿಯರು ಸ್ವಿಚ್ ಒತ್ತಿದರು. ಬಲ್ಬು ಮಿಂಚಿತು, ಕೆಂಪಗೆ ಇಳಿಯಿತು, ಆರಿದಂತಾಯಿತು. ಬಳಿಕ ಬಲ್ಬಿನ ದಾರಿ ಬಿಟ್ಟು ನೇರ ಕರೆಂಟ್ ಕೊಟ್ಟು ಅಳೆದಾಗ ಮೀಟರಿನಲ್ಲಿ 5.02 ವೋಲ್ಟ್ ಕಾಣಿಸಿತು. ಆ ಅಂಕಿಯನ್ನು ಹುಡುಗರಲ್ಲೊಬ್ಬನು ಒಂದು ರಟ್ಟಿನ ಚೀಟಿಯ ಮೇಲೆ, ತಾರೀಕಿನ ಸಮೇತ, ಕನ್ನಡದಲ್ಲಿ ಬರೆದು ಯಂತ್ರದೊಳಗೆ ಇಟ್ಟನು. ಮುಂದಿನ ಪ್ರತಿಯೊಂದು ಕೆಲಸವನ್ನೂ ಅದೇ ಚೀಟಿಗೆ ಸೇರಿಸುತ್ತಾ ಹೋದರು. ರಿಪೇರಿ ಮಾಡಿದವರು ಏನು ಮಾಡಿದೆವೆಂದು ಬರೆದುಕೊಡುವುದನ್ನು ನಾನು ನೋಡಿದ್ದು ಇದೇ ಮೊದಲು. ಈ ಜಾಗವನ್ನು ನಾನು ಇಷ್ಟು ಮೆಚ್ಚುವುದಕ್ಕೆ ಆ ಚೀಟಿಯೇ ಮುಖ್ಯ ಕಾರಣ.

ಬೋರ್ಡಿಗೆ ಕರೆಂಟ್ ಕೊಟ್ಟ ದಿನ ಇನ್ನೊಂದು ತೊಡಕು ಎದುರಾಯಿತು. ಬಿಬಿಸಿ ಮೈಕ್ರೋ ಆನ್ ಆದಾಗ ಮೊದಲು ದಪ್ಪ ದನಿಯಲ್ಲಿ ಒಮ್ಮೆ ಗುಂಯ್ ಎಂದು, ಆಮೇಲೆ ಸಣ್ಣ ದನಿಯಲ್ಲಿ ಬೀಪ್ ಎನ್ನಬೇಕು. ನನ್ನದು ಗುಂಯ್ ಎನ್ನುತ್ತಲೇ ಇತ್ತು. ಎಂಜಿನಿಯರಿಂಗ್ ಹುಡುಗ ಅದರ ಅರ್ಥವನ್ನು ಬಿಡಿಸಿ ಹೇಳಿದ: ಧ್ವನಿಯ ಚಿಪ್ಪಿಗೆ ಕರೆಂಟ್ ಸಿಕ್ಕ ಕೂಡಲೇ ಅದು ತನ್ನಷ್ಟಕ್ಕೆ ಸದ್ದು ಮಾಡಲು ಶುರುಮಾಡುತ್ತದೆ, ರೋಮ್ (ROM) ಚಿಪ್ಪಿನಲ್ಲಿರುವ ಮೂಲ ತಂತ್ರಾಂಶ ಎಚ್ಚೆತ್ತು ಅದನ್ನು ಸುಮ್ಮನಾಗಿಸಿ ತನ್ನ ಬೀಪ್ ಕೊಡುತ್ತದೆ, ಆದ್ದರಿಂದ ಮೊದಲ ಸದ್ದು ನಿಲ್ಲದಿದ್ದರೆ ಪ್ರೊಸೆಸರ್ ಆ ತಂತ್ರಾಂಶದವರೆಗೆ ತಲುಪಿಲ್ಲವೆಂದೇ ಅರ್ಥ. (ರೋಮ್ ಎಂದರೆ ಓದಲು ಮಾತ್ರ ಬರುವ ಶಾಶ್ವತ ಮೆಮೊರಿ.) ಪ್ರೋಬ್ ಹಿಡಿದು ನೋಡಿದರೆ ಪ್ರೊಸೆಸರಿಗೆ ಗಡಿಯಾರದ ಮಿಡಿತ ಬರುತ್ತಿತ್ತು, ರೀಸೆಟ್ ಸರಿಯಿತ್ತು. ಆಗ ಅವನು ಮೂಲ ತಂತ್ರಾಂಶದ ಚಿಪ್ಪನ್ನು ಸಾಕೆಟ್ಟಿನಿಂದ ಮೆಲ್ಲಗೆ ಎಬ್ಬಿಸಿದ. ಅದರ 28 ಕಾಲುಗಳೂ ಬಹಳ ದಿನ ಪೂಜೆಗೆ ತೆಗೆಯದ ಬೆಳ್ಳಿ ದೀಪದಂತೆ ಕಪ್ಪಗಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೊಂದೇ ಕಾಲನ್ನು ತಿಕ್ಕಿ, ಆಲ್ಕೋಹಾಲಿನಲ್ಲಿ ಒರೆಸಿ, ಮತ್ತೆ ಕೂರಿಸಿದ. ಈ ಸಲ ಗುಂಯ್, ಬೀಪ್. ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಂಬತ್ತನೇ ತರಗತಿಯ ಕೋಣೆಯಲ್ಲಿ ಒಂದರ ಹಿಂದೊಂದು ಏಳುತ್ತಿದ್ದ ಆ ಬೀಪುಗಳು ನೆನಪಾಗಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಪರದೆಯ ವಿಷಯ ಸುಲಭವಾಗಿ ಮುಗಿಯಿತು. ಬ್ರಿಟನ್ನಿನಂತೆಯೇ ನಮ್ಮ ಟಿ.ವಿ.ಗಳೂ ಪಾಲ್ ಪದ್ಧತಿಯವಾದ್ದರಿಂದ ಅಂಗಡಿಯಲ್ಲಿದ್ದ ಹಳೆಯ ಡಬ್ಬಾ ಟಿ.ವಿ.ಯೇ ಸಾಕಾಯಿತು. ವಿಡಿಯೋ ಔಟ್‌ನಲ್ಲಿ ಕಪ್ಪು-ಬಿಳುಪು ಮಾತ್ರ ಬರುತ್ತಿತ್ತು. ಬೋರ್ಡಿನ ಮೇಲೆ ಒಂದು ಸಣ್ಣ ಲಿಂಕ್ ಜೋಡಿಸಿದ ಮೇಲೆ ಬಣ್ಣವೂ ಬಂತು.

ಆದರೆ ಕ್ಯಾಸೆಟ್ಟುಗಳಿಗೆ ನಾಲ್ಕು ಭಾನುವಾರಗಳೇ ಹಿಡಿದವು. ನನ್ನ ಟೇಪ್‌ರೆಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಅದನ್ನು ಕೆರೆದು ತೆಗೆದು ಹೊಸದನ್ನು ಹಾಕಿ, ಹೆಡ್ಡನ್ನು ಒರೆಸಿ, ಪ್ಲೇ ಒತ್ತಿದೆವು. ಈ ಯಂತ್ರದಲ್ಲಿ ಪ್ರೋಗ್ರಾಮು ಟೇಪಿನ ಮೇಲೆ ಸದ್ದಾಗಿ ಕೂತಿರುತ್ತದೆ: 0 ಎಂಬ ಬಿಟ್ಟಿಗೆ 1200 ಹರ್ಟ್ಸಿನ ಒಂದು ಅಲೆ, 1 ಎಂಬುದಕ್ಕೆ 2400 ಹರ್ಟ್ಸಿನ ಎರಡು ಅಲೆ. 256 ಬೈಟುಗಳ ಒಂದೊಂದು ತುಂಡಿಗೂ ತಾಳೆ ನೋಡುವ ಅಂಕಿಯೊಂದಿರುತ್ತದೆ. ತಾಳೆಯಾಗದಿದ್ದರೆ ಯಂತ್ರ ಅಲ್ಲಿಗೇ ನಿಂತು, ಟೇಪನ್ನು ಹಿಂದಕ್ಕೆ ಸುತ್ತಿ ಎಂದು ಪರದೆಯ ಮೇಲೆ ಬರೆಯುತ್ತದೆ. ನನ್ನ ಮೊದಲ ಕ್ಯಾಸೆಟ್ಟಿನಲ್ಲಿ ಫೈಲಿನ ಹೆಸರು ಬಂತು, ಪಕ್ಕದಲ್ಲಿ 00, 01, 02 ಎಂದು ಏರುತ್ತಾ 07ಕ್ಕೆ ನಿಂತಿತು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರೂ 07. ಯಜಮಾನರು ಬಂದು ಕಿವಿಯನ್ನು ಸ್ಪೀಕರಿಗೆ ಹತ್ತಿರ ಹಿಡಿದು, ಟೇಪ್ ಓಡುತ್ತಿರುವಾಗಲೇ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಎಳ್ಳು ಕಾಳಿನಷ್ಟು ತಿರುಗಿಸಿದರು. ಮಂಕಾಗಿದ್ದ ಸದ್ದು ಗರಗಸದಂತೆ ಚೂಪಾಯಿತು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಯಾವ ಕೋನದಲ್ಲಿತ್ತೋ ಅದೇ ಕೋನಕ್ಕೆ ಓದುವ ಹೆಡ್ಡನ್ನೂ ತರಬೇಕು, ಅದನ್ನು ಮೀಟರಿಗಿಂತ ಕಿವಿಯೇ ಬೇಗ ಹಿಡಿಯುತ್ತದೆ ಎಂದರು. ಈ ಸಲ 07 ದಾಟಿತು, 08, 09, ಆಮೇಲೆ ಕೊನೆಯವರೆಗೆ.

ಅದು ಮಗ್ಗಿ ಕೇಳುವ ಪ್ರೋಗ್ರಾಮು. ಪ್ರೋಗ್ರಾಮಿನ ಸಾಲುಗಳನ್ನು ತೋರಿಸುವ ಲಿಸ್ಟ್ ಆಜ್ಞೆ ಕೊಟ್ಟಾಗ ಮೊದಲ ಸಾಲಿನ ಟಿಪ್ಪಣಿಯಲ್ಲಿ ತರಗತಿ ಮತ್ತು ವಿಭಾಗ ಇತ್ತು, ಕೊನೆಯ ಸಾಲಿನಲ್ಲಿ ಉತ್ತರ ತಪ್ಪಾದರೆ "ಮತ್ತೆ ಬಾಯಿಪಾಠ ಮಾಡು" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿತ್ತು. ಆ ಸಾಲನ್ನು ಬರೆಯಿಸಿದವನು ನಾನೇ. ಹುಡುಗರು ಮೂರೂ ಕ್ಯಾಸೆಟ್ಟುಗಳನ್ನು ಲ್ಯಾಪ್‌ಟಾಪಿಗೆ ಧ್ವನಿಯಾಗಿ ಇಳಿಸಿ, ಆ ಧ್ವನಿಯಿಂದ ಯುಇಎಫ್ ಎಂಬ ಫೈಲುಗಳನ್ನು ಮಾಡಿಕೊಟ್ಟರು. ಜಗತ್ತಿನಾದ್ಯಂತ ಈ ಯಂತ್ರದ ಬಳಕೆದಾರರು ಟೇಪುಗಳನ್ನು ಹಂಚಿಕೊಳ್ಳುವುದು ಈ ರೂಪದಲ್ಲಿಯೇ. ಮೊಬೈಲಿನ ಇಯರ್‌ಫೋನ್ ತೂತಿನಿಂದ ಯಂತ್ರಕ್ಕೆ ಒಂದು ವೈರು ಎಳೆದರೆ ಕ್ಯಾಸೆಟ್ಟಿಲ್ಲದೆಯೂ ಪ್ರೋಗ್ರಾಮು ಏರುತ್ತದೆ. ಮೂರನೆಯ ಕ್ಯಾಸೆಟ್ಟಿನ ಅರ್ಧದಷ್ಟು ಹಾಳಾಗಿತ್ತು. ಅದನ್ನು ಅವರು ಮುಚ್ಚಿಡದೆ ಚೀಟಿಯಲ್ಲಿ ಬರೆದರು.

ನನ್ನ ಪಕ್ಕದಲ್ಲಿಯೇ ಬಟ್ಟೆ ವ್ಯಾಪಾರಿಯವರು ಸ್ಪೆಕ್ಟ್ರಮ್ ಎಂಬ ತಮ್ಮ ಮನೆ ಕಂಪ್ಯೂಟರಿನೊಡನೆ ಗುದ್ದಾಡುತ್ತಿದ್ದರು. ಅದರ ಮೊದಲ 16 ಕಿಲೋಬೈಟಿನ 4116 ಮೆಮೊರಿ ಚಿಪ್ಪುಗಳಿಗೆ +5, +12 ಮತ್ತು -5 ಎಂಬ ಮೂರು ವೋಲ್ಟೇಜುಗಳು ಬೇಕು. -5 ತಪ್ಪಿದರೆ ಚಿಪ್ಪುಗಳೇ ಸಾಯುತ್ತವೆ. ಅದನ್ನು ಅಳೆಯದೆ ಒಂದರ ಹಿಂದೊಂದು ಹೊಸ ಚಿಪ್ಪು ಹಾಕಿ ಅವರು ನಾಲ್ಕನ್ನು ಕಳೆದುಕೊಂಡಿದ್ದರು. ಆ ಕಥೆಯನ್ನು ಅವರೇ ಹೊಸಬರಿಗೆಲ್ಲ ಹೇಳುತ್ತಾರೆ.

ಕೊರತೆಗಳನ್ನೂ ಹೇಳಬೇಕು. ವಾರಕ್ಕೆ ಮೂರೇ ಗಂಟೆಯಾದ್ದರಿಂದ ಕೆಲಸ ಬಹಳ ನಿಧಾನ. ಒಂದು ಬಿಡಿಭಾಗಕ್ಕಾಗಿ ಮೂರು ವಾರ ಕಾದಿದ್ದೇನೆ. ಬಿಚ್ಚಿದ ಸ್ಕ್ರೂಗಳು ಒಂದೇ ತಟ್ಟೆಯಲ್ಲಿ ಬೆರೆತು, ನನ್ನ ಯಂತ್ರಕ್ಕೆ ಎರಡು ಸ್ಕ್ರೂ ಬೇರೆ ಯಾವುದರದೋ ಬಂದಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಮೇಜಿನ ಮೇಲಿರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಬೆಸುಗೆ ಐರನ್ನು, ಟಿ.ವಿ., ಮೂರು ಕಂಪ್ಯೂಟರುಗಳು ಒಟ್ಟಿಗೆ ಓಡುತ್ತವೆ. ತೆರೆದ ಪವರ್ ಸಪ್ಲೈಗಳ ಮೇಲೆ ಹುಡುಗರು ಬಗ್ಗಿ ಕೆಲಸ ಮಾಡುವ ಜಾಗದಲ್ಲಿ ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಸ್ವಿಚ್ ಒಂದು ಇರಲೇಬೇಕು. ಇದನ್ನು ಯಜಮಾನರಿಗೆ ನೇರವಾಗಿಯೇ ಹೇಳಿದ್ದೇನೆ, ಅದರ ಖರ್ಚಿಗೆ ನನ್ನ ಪಾಲನ್ನೂ ಕೊಟ್ಟಿದ್ದೇನೆ.

ನನ್ನಿಂದ ತೆಗೆದುಕೊಂಡದ್ದು ಬಿಡಿಭಾಗಗಳ ಬೆಲೆ 860 ರೂಪಾಯಿ ಮಾತ್ರ. ಕೂಲಿ ಎಷ್ಟೆಂದು ಕೇಳಿದ್ದಕ್ಕೆ, ಮುಂದಿನ ವಾರ ಬೆಸುಗೆ ಹಾಕಲು ಕಲಿಯಿರಿ ಮೇಷ್ಟ್ರೇ ಎಂದರು, ಕಲಿಯುತ್ತಿದ್ದೇನೆ. ಹೋಗುವವರು ಯಂತ್ರದ ಜೊತೆ ಅದರ ಎಲ್ಲ ವೈರುಗಳನ್ನೂ, ಇದ್ದರೆ ಹಳೆಯ ಕ್ಯಾಸೆಟ್ಟುಗಳನ್ನೂ, ಸ್ಕ್ರೂ ಹಾಕಿಡಲು ಒಂದು ಮುಚ್ಚಳದ ಡಬ್ಬಿಯನ್ನೂ ಒಯ್ಯಬೇಕು. ಮನೆಯಲ್ಲಿ ಒಮ್ಮೆ ಹಾಕಿ ನೋಡೋಣ ಎಂದು ಪ್ಲಗ್ ಚುಚ್ಚಬೇಡಿ. ನನ್ನ ಡಿಸ್ಕ್ ಡ್ರೈವ್ ಇನ್ನೂ ಅವರ ಕಪಾಟಿನಲ್ಲಿಯೇ ಇದೆ, ಅದರ ಚೀಟಿಯ ಮೇಲೆ ಸದ್ಯಕ್ಕೆ ಒಂದೇ ಸಾಲಿದೆ: "ಮೋಟಾರ್ ತಿರುಗುತ್ತದೆ, ಹೆಡ್ಡು ಚಲಿಸುವುದಿಲ್ಲ."