ಮೆಷಿನ್‌ಗಳ ಕರೆಂಟ್ ಲೆಕ್ಕ ಹೇಳುವ ಕಿಟ್: ತಗೊಳ್ಳಿ, ಅಗ್ಗದ್ದು ಬೇಡ

ಮೆಷಿನ್ ಶಾಪ್‌ನಲ್ಲಿ ಮೇಂಟೆನೆನ್ಸ್ ನೋಡ್ಕೊಳ್ಳೋನು ನಾನು. ಯಾವ ಮೆಷಿನ್ ಎಷ್ಟು ಕರೆಂಟ್ ಎಳೀತಿದೆ ಅಂತ ಮೊಬೈಲ್‌ನಲ್ಲೇ ತೋರಿಸುವ ಕಿಟ್ ಹಾಕಿಸಿದ್ದೀವಿ. ಕಂಪನಿ ಹೆಸರು ಬೇಡ; ಇಂಥವು ಬೇಕಾದಷ್ಟಿವೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ.

ಹಾಕೋದು ಸಲೀಸು. ಸಿಟಿ (CT) ಕ್ಲ್ಯಾಂಪ್, ಅಂದ್ರೆ ಕರೆಂಟ್ ಅಳೆಯುವ ಬಳೆ, ಅದರ ಬಾಯಿ ಬಿಡಿಸಿ ಒಂದೊಂದು ಫೇಸ್‌ನ ಕೇಬಲ್‌ಗೆ ಒಂದೊಂದು ಕಚ್ಚಿಸಿದರಾಯ್ತು, ವೈರ್ ಕತ್ತರಿಸಬೇಕಾಗಿಲ್ಲ. ಬಾಣದ ಗುರುತು ಮೆಷಿನ್ ಕಡೆಗಿರಲಿ. ತಿರುಗಿ ಕೂತರೆ ಆ ಫೇಸ್‌ನ ಕಿಲೋವ್ಯಾಟ್ ಮೈನಸ್ ತೋರಿಸುತ್ತೆ.

ಕಾಸಿಗೆ ತಕ್ಕ ಕೆಲಸ ಸಿಕ್ಕಿದ್ದು ಕಂಪ್ರೆಸರ್ ಹತ್ತಿರ. ರಜಾ ದಿನ, ಮೆಷಿನ್ ಒಂದೂ ಓಡ್ತಿಲ್ಲ, ಆದರೂ ಗ್ರಾಫ್ ಗರಗಸದ ಹಲ್ಲಿನ ಹಾಗೆ ಏರಿಳೀತಿದೆ: ಲೋಡ್ (ಗಾಳಿ ಒತ್ತೋದು), ಅನ್‌ಲೋಡ್ (ಒತ್ತದೆ ಖಾಲಿ ತಿರುಗೋದು), ಮತ್ತೆ ಲೋಡ್. ಗಾಳಿ ಬಳಸೋರೇ ಇಲ್ಲ ಅಂದ್ಮೇಲೆ ಅದೆಲ್ಲ ಲೀಕೇ ತಾನೆ? ಸೋಪಿನ ನೀರು ಹಿಡಿದು ಲೈನ್ ಉದ್ದಕ್ಕೂ ಹೋದರೆ ಪುಶ್ ಫಿಟ್ಟಿಂಗ್‌ಗಳಲ್ಲಿ, ಫಿಲ್ಟರ್ ಬೌಲ್ ಅಡಿಯಲ್ಲಿ, ಕಪ್ಲರ್ ಬಾಯಲ್ಲಿ ಗುಳ್ಳೆಯೋ ಗುಳ್ಳೆ. 7 ಬಾರ್ ಲೈನ್‌ನಲ್ಲಿ 3 ಮಿ.ಮೀ. ತೂತು ಒಂದಿದ್ದರೆ ಕಂಪ್ರೆಸರ್ ಅದಕ್ಕೇ ಅಂತ 3ರಿಂದ 4 ಕಿಲೋವ್ಯಾಟ್ ತಿನ್ನುತ್ತೆ, ಹಗಲೂ ರಾತ್ರಿ. ಸರಿಯಾಗಿ ನೋಡ್ಕೊಳ್ಳದ ಲೈನ್‌ಗಳಲ್ಲಿ ಒತ್ತಿದ ಗಾಳಿಯ ಶೇ 20–30 ಹೀಗೇ ಸೋರಿಹೋಗೋದು ಮಾಮೂಲು. ಲೀಕ್ ಮುಚ್ಚಿದ ಮೇಲೆ ಪ್ರೆಶರ್ ಸೆಟ್ಟಿಂಗನ್ನೂ ಇಳಿಸಿದ್ವಿ. 1 ಬಾರ್ ಇಳಿಸಿದರೆ ಸುಮಾರು ಶೇ 6–7 ಕರೆಂಟ್ ಉಳಿಯುತ್ತೆ.

ಈಗ ತಕರಾರು. ಅಗ್ಗದ ಮಾಡೆಲ್ ಬರೀ ಆಂಪಿಯರ್ ಅಳೆಯುತ್ತೆ. ವೋಲ್ಟೇಜ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) ಎರಡೂ ಅಂದಾಜು. ಖಾಲಿ ತಿರುಗುವ ಮೋಟರ್‌ನ ಪವರ್ ಫ್ಯಾಕ್ಟರ್ 0.3ಕ್ಕೂ ಇಳಿಯಬಹುದು, ಕಿಟ್ ಮಾತ್ರ 0.9 ಅಂತಲೇ ಗುಣಿಸಿದರೆ ಖಾಲಿ ಓಟದ ಖರ್ಚು ಮೂರು ಪಟ್ಟು ಕಾಣುತ್ತೆ. ಮಾರೋರಿಗೆ ಅದು ಒಳ್ಳೇದೇ, 'ನೋಡಿ ಸಾರ್ ಎಷ್ಟು ವೇಸ್ಟ್' ಅನ್ನಬಹುದಲ್ಲ! ವೋಲ್ಟೇಜ್ ಟ್ಯಾಪಿಂಗ್ ಇರೋ, ಅಂದ್ರೆ ಪ್ಯಾನೆಲ್‌ನಿಂದ ವೈರ್ ಎಳೆದು ವೋಲ್ಟೇಜನ್ನೂ ಅಳೆಯೋ ಮಾಡೆಲ್ಲೇ ಕೇಳಿ. ಟ್ಯಾಪಿಂಗ್ ಕೊಡುವಾಗ ಪ್ಯಾನೆಲ್ ಆಫ್ ಮಾಡಿಸಿ, ಪ್ರತಿ ಫೇಸ್‌ಗೂ ಫ್ಯೂಸ್ ಹಾಕಿಸಿ.

ಕಾರ್ಬನ್ ರಿಪೋರ್ಟ್ ಅಂತ ಒಂದು ಪುಟ ಕೊಡ್ತಾರೆ. ಯೂನಿಟ್ಟನ್ನ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದ್ದು, ಅಷ್ಟೇ. ಅದಕ್ಕೆ ಬೇರೆ ದುಡ್ಡು ಕೊಡಬೇಡಿ.

ಚಂದಾ ನಿಲ್ಲಿಸಿದರೆ ಹಳೇ ಡೇಟಾ ಸಿಗುತ್ತಾ, ಮೀಟರ್‌ನಿಂದ ಮಾಡ್‌ಬಸ್‌ನಲ್ಲಿ (ಮೀಟರ್, ಕಂಪ್ಯೂಟರ್ ಮಾತಾಡೋ ಸಾಮಾನ್ಯ ಭಾಷೆ) ನಾವೇ ರೀಡಿಂಗ್ ತಗೋಬಹುದಾ, ಇವೆರಡನ್ನೂ ಆರ್ಡರ್‌ಗೆ ಮುಂಚೆ ಬರವಣಿಗೆಯಲ್ಲಿ ಕೇಳಿ. ನಮಗೆ ಎರಡನೇದು ಸಿಕ್ಕಿತು, ಮೊದಲನೇದಕ್ಕೆ ಇನ್ನೂ ಮೇಲ್ ಓಡಾಡ್ತಿದೆ.